ಒಂದೇ ಚಿತ್ರ ಸಾಲದೇ? ನೆಲದ ಹೊಳಪಿನ ಲೆಕ್ಕಕ್ಕೆ 16 ದಿನ ಏಕೆ?

ಪ್ರಶ್ನೆ: ಉಪಗ್ರಹದ ಚಿತ್ರದಲ್ಲಿ ನೆಲ ಎಷ್ಟು ಹೊಳೆಯುತ್ತದೆ ಎಂಬುದು ಕಾಣುತ್ತದೆಯಲ್ಲ? ಹಾಗಿದ್ದರೂ ಆಲ್ಬೆಡೊ ಲೆಕ್ಕ ಹಾಕಲು 16 ದಿನಗಳ ಮಾಹಿತಿ ಏಕೆ ಬೇಕು?

ಉತ್ತರ: ಉಪಗ್ರಹಕ್ಕೆ ಕಾಣುವುದು ತನ್ನ ಕಡೆಗೆ ಬಂದ ಬೆಳಕು ಮಾತ್ರ. ಹವಾಮಾನ ಮಾದರಿಗೆ, ಅಂದರೆ ಹವೆಯನ್ನು ಲೆಕ್ಕ ಹಾಕುವ ಕಂಪ್ಯೂಟರ್ ವ್ಯವಸ್ಥೆಗೆ, ಬೇಕಾದ ಆಲ್ಬೆಡೊ ಅದಲ್ಲ. ನೆಲಕ್ಕೆ ಬಿದ್ದ ಬಿಸಿಲಿನಲ್ಲಿ ಎಲ್ಲ ದಿಕ್ಕುಗಳಿಗೂ ಸೇರಿ ಎಷ್ಟು ಪಾಲು ಮರಳಿತು ಎಂಬುದೇ ಆಲ್ಬೆಡೊ. ನೆಲವು ಬೆಳಕನ್ನು ಎಲ್ಲ ಕಡೆಗೂ ಸಮನಾಗಿ ಚೆಲ್ಲುವಂತಿದ್ದರೆ ಒಂದೇ ಚಿತ್ರ ಸಾಕಾಗುತ್ತಿತ್ತು. ಆದರೆ ನಡುವೆ ನೆರಳು ಅಡ್ಡ ಬರುತ್ತದೆ.

ವಿಮಾನ ಕೆಳಗಿಳಿಯುವಾಗ ಸೂರ್ಯನಿಗೆ ವಿರುದ್ಧ ಬದಿಯ ಕಿಟಕಿಯಿಂದ ನೋಡಿ. ತೋಟ, ಕಾಡುಗಳ ಮೇಲೆ ವಿಮಾನದ ನೆರಳು ಓಡುತ್ತಿರುತ್ತದೆ. ಆ ನೆರಳಿನ ಸುತ್ತಲಿನ ಹಸಿರು ಬೇರೆಡೆಗಿಂತ ಬೆಳ್ಳಗೆ ಹೊಳೆಯುತ್ತದೆ. ಅಲ್ಲಿ ಸೂರ್ಯ ನಿಮ್ಮ ಬೆನ್ನಿಗಿರುವುದರಿಂದ ಪ್ರತಿ ಎಲೆಯ ನೆರಳೂ ಎಲೆಯ ಹಿಂದೆಯೇ ಅಡಗಿರುತ್ತದೆ. ಇನ್ನೊಂದು ಬದಿಯ ಕಿಟಕಿಯಿಂದ ಅದೇ ಕಾಡು ಕಪ್ಪಗೆ ಕಾಣುತ್ತದೆ, ಏಕೆಂದರೆ ಅಲ್ಲಿಂದ ಮರಗಳ ನೆರಳಿನ ಮಗ್ಗುಲೇ ನಮಗೆ ಎದುರಾಗುತ್ತದೆ. ಕಾಡು ಒಂದೇ, ಹೊಳಪು ಎರಡು. ಯಾವುದನ್ನು ಮಾದರಿಗೆ ಕೊಡುವುದು?

ಎರಡನ್ನೂ, ಇನ್ನಷ್ಟು ಕೋನಗಳ ನೋಟಗಳನ್ನೂ ಸೇರಿಸಿ ಕೊಡಬೇಕು. ನಾಸಾದ ಟೆರ್ರಾ (1999) ಮತ್ತು ಆಕ್ವಾ (2002) ಉಪಗ್ರಹಗಳಲ್ಲಿರುವ ಮೋಡಿಸ್ ಉಪಕರಣ 2,330 ಕಿ.ಮೀ. ಅಗಲದ ಪಟ್ಟಿಯನ್ನು ನೋಡುತ್ತದೆ. ಹೀಗಾಗಿ ಒಂದೇ ಹೊಲ ಇಂದು ನೆತ್ತಿಯಿಂದ ಕಂಡರೆ ನಾಳೆ ಓರೆಯಾಗಿ ಕಾಣುತ್ತದೆ. ಉಪಗ್ರಹ ತನ್ನ ಹಳೆಯ ಜಾಡಿಗೆ 16 ದಿನಕ್ಕೊಮ್ಮೆ ಮರಳುವಂತೆ ಕಕ್ಷೆಯನ್ನು ರೂಪಿಸಲಾಗಿತ್ತು. ಅಷ್ಟರಲ್ಲಿ ಸಿಗಬಹುದಾದ ಕೋನಗಳೆಲ್ಲ ಸಿಕ್ಕಿರುತ್ತವೆ. ಮೋಡವಿಲ್ಲದ ನೋಟಗಳನ್ನು ಆರಿಸಿ ಮೂರು ಅಂಶಗಳ ಸೂತ್ರಕ್ಕೆ ಹೊಂದಿಸುತ್ತಾರೆ: ಎಲ್ಲ ಕಡೆಗೂ ಸಮನಾಗಿ ಚೆಲ್ಲುವ ಬೆಳಕು, ಎಲೆಗಳ ಪದರದೊಳಗೆ ಚದುರುವ ಬೆಳಕು, ಮರಗಿಡಗಳ ನೆರಳಿನ ಪರಿಣಾಮ. ಮೂರೂ ತಿಳಿದ ಮೇಲೆ ಉಪಗ್ರಹ ನೋಡದ ದಿಕ್ಕುಗಳನ್ನೂ ಲೆಕ್ಕದಿಂದ ತುಂಬಬಹುದು. ಕಣ್ಣಿಗೆ ಕಾಣುವ ಬಣ್ಣಗಳಷ್ಟನ್ನೇ ನಂಬುವಂತಿಲ್ಲ. ಕಣ್ಣಿಗೆ ಮಬ್ಬಾಗಿ ಕಾಣುವ ಎಲೆ ಅವಕೆಂಪು ಕಿರಣಗಳನ್ನು ಧಾರಾಳವಾಗಿ ಹಿಂದಿರುಗಿಸುತ್ತದೆ. ಅದಕ್ಕಾಗಿ ಏಳು ತರಂಗಪಟ್ಟಿಗಳ ಮಾಹಿತಿಯನ್ನು ಕೂಡಿಸುತ್ತಾರೆ.

ಮಳೆಗಾಲದ ಪಶ್ಚಿಮ ಘಟ್ಟದಲ್ಲಿ 16 ದಿನಗಳಲ್ಲಿ ಬೆರಳೆಣಿಕೆಯ ನೋಟಗಳಷ್ಟೇ ದಕ್ಕಬಹುದು. ಆಗ ಆ ನೆಲದ ಬಗ್ಗೆ ಮೊದಲೇ ತಿಳಿದ ಬೆಳಕಿನ ಹಂಚಿಕೆಯನ್ನು ಇಟ್ಟುಕೊಂಡು, ಸಿಕ್ಕ ನೋಟಕ್ಕೆ ತಕ್ಕಂತೆ ಹಿಗ್ಗಿಸುತ್ತಾರೆ ಅಥವಾ ಕುಗ್ಗಿಸುತ್ತಾರೆ. ಅಂಥ ಅಂಕಿಗೆ ಕಡಿಮೆ ಗುಣಮಟ್ಟದ ಗುರುತೂ ಇರುತ್ತದೆ. ಆ ಗುರುತು ನೋಡದೆ ನಕ್ಷೆ ಇಳಿಸಿಕೊಂಡು ಜುಲೈನ ಮಲೆನಾಡಿನ ಬಗ್ಗೆ ತೀರ್ಮಾನ ಕೊಡುವವರನ್ನು ನಾನಂತೂ ನಂಬುವುದಿಲ್ಲ.

ಇಷ್ಟೆಲ್ಲ ರಗಳೆ ಏಕೆ ಎಂದರೆ, ಈ ಅಂಕಿ ತಪ್ಪಿದರೆ ಮುನ್ಸೂಚನೆಯೇ ತಪ್ಪುತ್ತದೆ. ಯುರೋಪಿನ ಮಧ್ಯಮಾವಧಿ ಮುನ್ಸೂಚನಾ ಕೇಂದ್ರದ ಮಾದರಿ 1996ರವರೆಗೂ ಕೆನಡಾ, ಸೈಬೀರಿಯಾಗಳ ಹಿಮ ಬಿದ್ದ ಕಾಡನ್ನು ಬಯಲಿನ ಹಿಮದಂತೆಯೇ ಕಾಣುತ್ತಿತ್ತು. ಆಲ್ಬೆಡೊ 0.8ರವರೆಗೂ ಹೋಗುತ್ತಿತ್ತು, ಅಂದರೆ ಬಿಸಿಲಿನ ಬಹುಪಾಲು ವಾಪಸ್. ಕೆನಡಾದ ಕಾಡಿನಲ್ಲಿ ಗೋಪುರಗಳ ಮೇಲೆ ಉಪಕರಣ ಕಟ್ಟಿ ಅಳೆದಾಗ ಬೇರೆಯದೇ ಚಿತ್ರ ಸಿಕ್ಕಿತು: ಹಿಮ ಬಿದ್ದ ಹುಲ್ಲುಬಯಲಿಗೆ ಸುಮಾರು 0.75, ಅದೇ ಹಿಮದ ಮೇಲೆ ನಿಂತ ಸೂಚಿಪರ್ಣ (ಸೂಜಿಯಂಥ ಎಲೆಯ ಮರಗಳ) ಕಾಡಿಗೆ ಬರೀ 0.13. ಹಿಮ ನೆಲದಲ್ಲಿತ್ತು, ಓರೆ ಬಿಸಿಲನ್ನು ಮೇಲಿನ ಕಡುಹಸಿರು ಮರಗಳೇ ನುಂಗುತ್ತಿದ್ದವು, ಉಳಿದದ್ದು ನೆರಳು. ಮಾದರಿಯ ವಸಂತಕಾಲ ಅಲ್ಲಿ ವಿಪರೀತ ತಣ್ಣಗಿರುತ್ತಿದ್ದದ್ದು ಇದರಿಂದಲೇ. 1996ರ ಡಿಸೆಂಬರ್‌ನಲ್ಲಿ ಹಿಮಕಾಡಿನ ಅಂಕಿಯನ್ನು 0.2ಕ್ಕೆ ಇಳಿಸಿದ ಮೇಲೆ ಆ ದೋಷ ಬಹುಮಟ್ಟಿಗೆ ಕರಗಿತು. ಈಗ ಅದೇ ಕೇಂದ್ರ ಹಿಮವಿಲ್ಲದ ನೆಲಕ್ಕೆ ಮೋಡಿಸ್ ಆಧಾರಿತ ತಿಂಗಳವಾರು ಆಲ್ಬೆಡೊ ನಕ್ಷೆಗಳನ್ನು ಬಳಸುತ್ತದೆ.