ಗ್ಲೂಕೋಸ್ ಬಾಟಲಿಯೊಳಗೆ ಇರುವುದೇನು?

‘ಎರಡು ದಿನದಿಂದ ಸುಸ್ತು, ಡಾಕ್ಟರ ಹತ್ತಿರ ಹೋಗಿ ಒಂದು ಗ್ಲೂಕೋಸ್ ಹಾಕಿಸಿಕೊಂಡು ಬಂದೆ.’ ಈ ಮಾತು ಕೇಳದ ಊರಿಲ್ಲ. ಕೊಕ್ಕೆಗೆ ನೇತುಬಿದ್ದು ಹನಿಹನಿಯಾಗಿ ರಕ್ತನಾಳಕ್ಕಿಳಿಯುವ ಯಾವ ಬಾಟಲಿಯಾದರೂ ನಮ್ಮ ಬಾಯಲ್ಲಿ ಗ್ಲೂಕೋಸೇ. ಆಸ್ಪತ್ರೆಯವರು ಡ್ರಿಪ್ ಎನ್ನುತ್ತಾರೆ, ಅಚ್ಚಿನಲ್ಲಿ ಅದು ಐವಿ ದ್ರಾವಣ. ತಮಾಷೆಯೆಂದರೆ, ಈ ಬಾಟಲಿಗಳಲ್ಲಿ ಹಲವದರಲ್ಲಿ ಗ್ಲೂಕೋಸ್ ಚೂರೂ ಇರುವುದಿಲ್ಲ.

ಇದ್ದರೂ ಎಷ್ಟು? ಶೇ 5ರ ಡೆಕ್ಸ್‌ಟ್ರೋಸ್‌ನ (ಗ್ಲೂಕೋಸ್‌ಗೇ ಇನ್ನೊಂದು ಹೆಸರು) ಅರ್ಧ ಲೀಟರಿನಲ್ಲಿ 25 ಗ್ರಾಂ, ಅಂದರೆ ಐದಾರು ಚಮಚ ಸಕ್ಕರೆಯಷ್ಟು. ಎರಡು ಇಡ್ಲಿ ಕೊಡುವ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ. ಆ ಸಕ್ಕರೆಯನ್ನು ದೇಹ ಬಳಸಿಕೊಂಡ ಮೇಲೆ ಉಳಿಯುವುದು ಬರೀ ನೀರು. ವಾಂತಿಭೇದಿಯಲ್ಲಿ ಉಪ್ಪು ಕಳೆದುಕೊಂಡವರಿಗೆ ಇದೊಂದನ್ನೇ ಏರಿಸುತ್ತ ಹೋದರೆ ರಕ್ತದ ಸೋಡಿಯಂ ತೆಳುವಾಗಿ ಮಿದುಳು ಊದಿಕೊಳ್ಳಬಹುದು. ಮಕ್ಕಳಲ್ಲಿ ಈ ಅಪಾಯ ಇನ್ನೂ ಹೆಚ್ಚು.

ಭೇದಿಯಲ್ಲಿ ಹೋಗುವುದು ನೀರಷ್ಟೇ ಅಲ್ಲ ಎಂಬುದನ್ನು ಕಾಲರಾ ರೋಗಿಗಳ ರಕ್ತ ಪರೀಕ್ಷಿಸಿ ತೋರಿಸಿದವನು ಐರಿಷ್ ವೈದ್ಯ ವಿಲಿಯಂ ಓ’ಶಾಘ್ನೆಸಿ, 1831ರಲ್ಲಿ. (ಮುಂದೆ ಭಾರತಕ್ಕೆ ಬಂದು ಇಲ್ಲಿ ಟೆಲಿಗ್ರಾಫ್ ತಂತಿ ಎಳೆಸಿದವನೂ ಇವನೇ.) ಮರುವರ್ಷ ಸ್ಕಾಟ್ಲೆಂಡಿನ ವೈದ್ಯ ಥಾಮಸ್ ಲಾಟಾ ಉಪ್ಪುನೀರನ್ನು ನೇರ ರಕ್ತನಾಳಕ್ಕೆ ಏರಿಸಿದ. ಹೀಗೆ ಕಳೆದುಹೋಗುವ ಸೋಡಿಯಂ, ಪೊಟ್ಯಾಸಿಯಂ, ಕ್ಲೋರೈಡ್, ಬೈಕಾರ್ಬನೇಟ್‌ಗಳಿಗೆ ಎಲೆಕ್ಟ್ರೋಲೈಟ್ ಎಂದು ಹೆಸರು. ನೀರಿನಲ್ಲಿ ಕರಗಿ ವಿದ್ಯುದಂಶ ಹೊತ್ತ ಲವಣಗಳು ಇವು. ನರದ ಸಂದೇಶ, ಹೃದಯದ ಮಿಡಿತ ಎರಡೂ ಇವುಗಳ ಲೆಕ್ಕದ ಮೇಲೆ ನಿಂತಿವೆ.

ಈಗ ಬಾಟಲಿಗಳ ಮೇಲಿನ ಹೆಸರು ಓದೋಣ. ಎನ್‌ಎಸ್ ಎಂದರೆ ನಾರ್ಮಲ್ ಸಲೈನ್: ಲೀಟರಿಗೆ 9 ಗ್ರಾಂ ಉಪ್ಪು. ಹೆಸರಿನಲ್ಲಿರುವ ‘ನಾರ್ಮಲ್’ ಅಷ್ಟು ನಂಬುವಂಥದ್ದಲ್ಲ. ಅದರಲ್ಲಿ ಕ್ಲೋರೈಡ್ ಲೀಟರಿಗೆ 154 ಮಿಲಿಮೋಲ್ (ಕರಗಿದ ಕಣಗಳನ್ನು ಎಣಿಸುವ ಅಳತೆ), ನಮ್ಮ ರಕ್ತದಲ್ಲಿ ಸುಮಾರು ನೂರು. ಲೀಟರುಗಟ್ಟಲೆ ಏರಿಸಿದರೆ ರಕ್ತ ಆಮ್ಲೀಯವಾಗುತ್ತದೆ. ಆರ್‌ಎಲ್, ಅಂದರೆ ರಿಂಗರ್ ಲ್ಯಾಕ್ಟೇಟ್, ರಕ್ತದ ಲೆಕ್ಕಕ್ಕೆ ಇನ್ನಷ್ಟು ಹತ್ತಿರ. ಅದರಲ್ಲಿ ಕ್ಯಾಲ್ಸಿಯಂ ಮತ್ತು ತುಸು ಪೊಟ್ಯಾಸಿಯಂ ಉಂಟು, ಲ್ಯಾಕ್ಟೇಟ್ ದೇಹದೊಳಗೆ ಬೈಕಾರ್ಬನೇಟ್ ಆಗುತ್ತದೆ. ತೀವ್ರ ನಿರ್ಜಲೀಕರಣಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಮೊದಲ ಆಯ್ಕೆ ಇದೇ. ಡಿಎನ್‌ಎಸ್, ಅಂದರೆ ಡೆಕ್ಸ್‌ಟ್ರೋಸ್ ನಾರ್ಮಲ್ ಸಲೈನ್‌ನಲ್ಲಿ ಸಕ್ಕರೆ, ಉಪ್ಪು ಎರಡೂ ಇವೆ. ಮಧುಮೇಹಿಗಳಿಗೆ ಹಾಕುವ ಮುನ್ನ ಎರಡು ಸಲ ಯೋಚಿಸಬೇಕು.

ಎಲ್ಲಕ್ಕಿಂತ ಭಯ ಹುಟ್ಟಿಸುವುದು ಪೊಟ್ಯಾಸಿಯಂ. ರಕ್ತದಲ್ಲಿ ಅದು ಲೀಟರಿಗೆ 3.5ರಿಂದ 5 ಮಿಲಿಮೋಲ್ ಮಾತ್ರ. ಕಡಿಮೆಯಾದರೆ ಸ್ನಾಯು ಸೋಲುತ್ತದೆ, ಹಠಾತ್ತನೆ ಏರಿದರೆ ಹೃದಯ ನಿಲ್ಲುತ್ತದೆ. ಆದ್ದರಿಂದ ಪೊಟ್ಯಾಸಿಯಂ ಕ್ಲೋರೈಡ್ ಆಂಪೂಲನ್ನು (ಮದ್ದಿನ ಪುಟ್ಟ ಸೀಸೆ) ಸಿರಿಂಜಿನಿಂದ ನೇರ ರಕ್ತನಾಳಕ್ಕೆ ಕೊಡುವಂತೆಯೇ ಇಲ್ಲ. ಬಾಟಲಿಗೆ ಸೇರಿಸಿ, ತಲೆಕೆಳಗು ಮಾಡಿ ಚೆನ್ನಾಗಿ ಬೆರೆಸಬೇಕು. ನೇತುಹಾಕಿದ ಬಾಟಲಿಗೆ ಹಾಗೆಯೇ ಚುಚ್ಚಿಬಿಟ್ಟರೆ ಅದೆಲ್ಲ ತಳದಲ್ಲಿ ಕೂತು ಮೊದಲು ಅದೇ ಒಳಗಿಳಿಯುತ್ತದೆ. ರೋಗಿಗೆ ಮೂತ್ರ ಸರಿಯಾಗಿ ಆಗುತ್ತಿದೆಯೇ ಎಂದು ನೋಡಿಕೊಂಡು, ಸಾಮಾನ್ಯವಾಗಿ ಗಂಟೆಗೆ 10 ಮಿಲಿಮೋಲ್ ಮೀರದಂತೆ ಬಿಡುತ್ತಾರೆ.

ಸೋಡಿಯಂನ ತೊಡಕು ಅವಸರದ್ದು. ಬಹಳ ದಿನ ಕಡಿಮೆಯಿದ್ದ ಸೋಡಿಯಂ ಅನ್ನು ಒಂದೇ ದಿನದಲ್ಲಿ ಸರಿಮಾಡಲು ಹೊರಟರೆ ಮಿದುಳಿನ ನರತಂತುಗಳ ಹೊದಿಕೆಯೇ ಹಾಳಾಗಬಹುದು. 24 ಗಂಟೆಗಳಲ್ಲಿ ಲೀಟರಿಗೆ 8ರಿಂದ 10 ಮಿಲಿಮೋಲ್ ಏರಿಕೆಯೇ ಸಾಕು. ಹೃದಯ ಅಥವಾ ಮೂತ್ರಪಿಂಡ ಸೋತವರಿಗಂತೂ ಹೆಚ್ಚಾದ ನೀರು ಶ್ವಾಸಕೋಶದಲ್ಲಿ ತುಂಬಿಕೊಳ್ಳುತ್ತದೆ. ಮನೆಯವರು ‘ಬೇಗ ಮುಗಿಯಲಿ’ ಎಂದು ಡ್ರಿಪ್ಪಿನ ಚಕ್ರ ತಿರುಗಿಸುವುದನ್ನು ಕಂಡಾಗ ನನಗೆ ಎದೆ ಝಲ್ಲೆನ್ನುತ್ತದೆ.

ಬಾಟಲಿಯೂ ಶುದ್ಧವಾಗಿರಬೇಕು. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಹೆರಿಗೆಯಾದ ತಾಯಂದಿರು ತೀರಿಕೊಂಡಾಗ ಸಂಶಯ ಬಿದ್ದದ್ದು ರಿಂಗರ್ ಲ್ಯಾಕ್ಟೇಟಿನ ಮೇಲೆ. ಒಂದು ಕಂಪನಿಯ ದ್ರಾವಣದ ಬಳಕೆಯನ್ನು ರಾಜ್ಯ ಸರ್ಕಾರ ನಿಲ್ಲಿಸಿತು.

ಎಚ್ಚರವಿದ್ದು ಕುಡಿಯಬಲ್ಲ ಹೆಚ್ಚಿನ ಭೇದಿ ರೋಗಿಗಳಿಗೆ ಸೂಜಿಯೇ ಬೇಡ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಸಲೈನ್ ಸಾಲದಾದಾಗ ಡಾ. ದಿಲೀಪ್ ಮಹಲನಬಿಸ್ ಉಪ್ಪು, ಸಕ್ಕರೆ ಬೆರೆಸಿದ ನೀರನ್ನೇ ಕುಡಿಸಿ ಕಾಲರಾ ಸಾವುಗಳನ್ನು ತೀರಾ ಇಳಿಸಿದರು. ಇಂದಿನ ಒಆರ್‌ಎಸ್ ಪೊಟ್ಟಣದಲ್ಲಿ ಲೀಟರಿಗೆ 13.5 ಗ್ರಾಂ ಗ್ಲೂಕೋಸ್ ಇದೆ, ರುಚಿಗಲ್ಲ. ಕರುಳಿನ ಗೋಡೆ ದಾಟುವಾಗ ಅದು ಸೋಡಿಯಂನ ಕೈಹಿಡಿದು ಒಳಗೆ ಕರೆತರುತ್ತದೆ, ನೀರು ಹಿಂಬಾಲಿಸುತ್ತದೆ. ಗ್ಲೂಕೋಸ್‌ಗೆ ನಿಜವಾದ ಕೆಲಸ ಸಿಕ್ಕಿರುವುದು ಆ ಪೊಟ್ಟಣದಲ್ಲಿ. ನಾವು ಮಾತ್ರ ಅದನ್ನು ಗ್ಲೂಕೋಸ್ ಎಂದು ಕರೆಯುವುದಿಲ್ಲ.