ಮೈಸೂರು ಸೀಮೆಯ ಮಣ್ಣುಪ್ಪು: ಕಸುಬು ನಿಂತದ್ದು ಹೇಗೆ, ಗುರುತು ಉಳಿದದ್ದು ಎಲ್ಲಿ

ಮೈಸೂರು, ಮಂಡ್ಯದ ಕಡೆ ಕಡಲಿಲ್ಲ. ಆದರೂ ಬಡವರ ಅಡುಗೆಗೆ, ದನಗಳಿಗೆ, ತೊಗಲು ಹದಮಾಡಲು ಬೇಕಾದ ಉಪ್ಪನ್ನು ಉಪ್ಪಾರರು ಇಲ್ಲಿನ ಮಣ್ಣಿನಿಂದಲೇ ತೆಗೆಯುತ್ತಿದ್ದರು. 1800–01ರಲ್ಲಿ ಈ ಸೀಮೆ ಸುತ್ತಿದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಈ ಕಸುಬನ್ನು ಬರೆದಿಟ್ಟಿದ್ದಾನೆ.

ಸಂಕ್ರಾಂತಿ ಕಳೆದು ಬಿಸಿಲು ಏರಿದಾಗ ತಗ್ಗುನೆಲದ ತೇವ ಮೇಲೇರಿ ಆರುತ್ತದೆ, ಅದರೊಡನೆ ಬಂದ ಉಪ್ಪು ಬಿಳಿಯ ಹೊದಿಕೆಯಾಗಿ ನಿಲ್ಲುತ್ತದೆ. ಆ ಚೌಳನ್ನು ಮಾತ್ರ ತೆಳುವಾಗಿ ಕೆರೆದು ಗುಡ್ಡೆ ಹಾಕಬೇಕು. ಆಳಕ್ಕೆ ಹೋದರೆ ಬರೀ ಮಣ್ಣು ಹೊತ್ತಂತೆ. ಎತ್ತರದ ಕಟ್ಟೆಯ ಮೇಲಿನ ತೊಟ್ಟಿಗೆ ತಳದಲ್ಲಿ ಹುಲ್ಲು ಹಾಸಿ, ಮಣ್ಣು ತುಂಬಿ, ನೀರು ಹೊಯ್ದು ಕೆಳಗಿನ ಗುಂಡಿಗೆ ಸೋಸಿ ಇಳಿಸುತ್ತಿದ್ದರು. ಮಣ್ಣನ್ನು ಒತ್ತಿ ತುಂಬಿದರೆ ನೀರು ಇಳಿಯದು, ಸಡಿಲ ಬಿಟ್ಟರೆ ಉಪ್ಪು ಕರಗುವ ಮೊದಲೇ ಜಾರಿಹೋಗುತ್ತದೆ. ಬಂದ ನೀರು ಸಪ್ಪೆಯಿದ್ದರೆ ಹೊಸ ಮಣ್ಣಿನ ಮೇಲೆ ಮತ್ತೆ ಹೊಯ್ಯುವುದೇ ಲಾಭ. ನೂರು ಲೀಟರಿನಲ್ಲಿ 10 ಕಿಲೋ ಉಪ್ಪಿದ್ದರೆ ಕಿಲೋಗೆ 10 ಲೀಟರ್ ನೀರು ಆರಬೇಕು. ಪೂರ್ತಿ ಕರಗಿ 36 ಕಿಲೋ ಇದ್ದರೆ ಮೂರು ಲೀಟರೂ ಬೇಡ.

ಆಮೇಲೆ ಗಾರೆ ಬಳಿದ ಆಳವಿಲ್ಲದ ಕಟ್ಟೆಯಲ್ಲಿ ಬಿಸಿಲಿಗೆ ಬಿಡುವುದು. ಕೆಲವು ಕಡೆ ಒಲೆಯ ಮೇಲೆ ಕಾಯಿಸುವುದೂ ಇತ್ತು. ಮೊದಲು ಸುಣ್ಣದ ಅಂಶ ತಳಕ್ಕಿಳಿಯುತ್ತದೆ, ನಂತರ ಅಡುಗೆ ಉಪ್ಪು ಹರಳುಗಟ್ಟುತ್ತದೆ. ಕೊನೆಗೆ ಉಳಿಯುವ ಕಹಿನೀರಿನಲ್ಲಿ ಮೆಗ್ನೀಸಿಯಂ ಲವಣ. ಅದನ್ನು ಬಸಿಯದೆ ಪೂರ್ತಿ ಆರಿಸಿದರೆ ಉಪ್ಪು ಕಹಿಯಾಗುತ್ತದೆ, ಗಾಳಿಯ ತೇವಕ್ಕೆ ಬೆವರುತ್ತದೆ. ಬಿಸಿಯಲ್ಲಿ ಹೆಚ್ಚು ಕರಗಿ ತಣಿದಾಗ ಹರಳಾಗುವ ಪೆಟ್ಲುಪ್ಪನ್ನೂ (ಪೊಟ್ಯಾಸಿಯಂ ನೈಟ್ರೇಟ್) ಹೀಗೇ ಮಣ್ಣು ಸೋಸಿ ತೆಗೆಯುತ್ತಿದ್ದರು. ಕೋವಿ, ಫಿರಂಗಿಯ ಸಿಡಿಮದ್ದಿನಲ್ಲಿ ಮುಕ್ಕಾಲು ಪಾಲು ಅದೇ. ಶ್ರೀರಂಗಪಟ್ಟಣದ ದ್ವೀಪಕ್ಕೆ ಹೋದವರು ಅಲ್ಲಿನ ಮದ್ದಿನಮನೆಗಳನ್ನು ಈ ನೆನಪಿನಲ್ಲಿ ನೋಡಬೇಕು.

ಕಸುಬು ನಿಂತದ್ದು ಮಣ್ಣು ಬರಿದಾಗಿ ಅಲ್ಲ. ಕಡಲತೀರದ ಉಪ್ಪಿನ ಗದ್ದೆಗಳನ್ನು ಕಾಯುವುದು ಸುಲಭ. ಊರೂರಿನ ಚೌಳಿಗೆ ಕಾವಲು ಹಾಕಲಾಗದು. ಸುಂಕ ತಪ್ಪುತ್ತದೆಂಬ ಕಾರಣಕ್ಕೇ ಬ್ರಿಟಿಷರಿಗೆ ಮಣ್ಣುಪ್ಪು ಬೇಡವಾಗಿತ್ತು. 1881ರಲ್ಲಿ ರಾಜ್ಯವನ್ನು ಒಡೆಯರಿಗೆ ಮರಳಿಸಿದಾಗ, ಉಪ್ಪಿನ ತಯಾರಿಕೆಯನ್ನು ನಿಷೇಧಿಸುವ ಇಲ್ಲವೇ ಮಿತಗೊಳಿಸುವ ವಿಷಯದಲ್ಲಿ ಗವರ್ನರ್ ಜನರಲ್ ಹೇಳಿದಂತೆ ನಡೆಯಬೇಕೆಂದು ಹಸ್ತಾಂತರ ಪತ್ರದಲ್ಲೇ ಬರೆಸಿಕೊಂಡರು. ಹೊಟ್ಟೆಪಾಡಿನ ಕಸುಬೊಂದನ್ನು ಅಫೀಮಿನ ಜೊತೆ ಒಂದೇ ಕಲಮಿನಲ್ಲಿ ಸೇರಿಸಿದ್ದು ದೊಡ್ಡ ಅನ್ಯಾಯ. ಅದೇ ಹೊತ್ತಿಗೆ ಮೈಸೂರಿಗೆ ರೈಲು ಬಂತು, ಕಡಲುಪ್ಪು ಮೂಟೆಗಟ್ಟಲೆ ಇಳಿಯಿತು. 1888ರಲ್ಲಿ ಸುಮಾರು 37 ಕಿಲೋ ತೂಗುವ ಮಣಕ್ಕೆ ಎರಡೂವರೆ ರೂಪಾಯಿ ಸುಂಕವಿತ್ತು. 1947ರಲ್ಲಿ ಸುಂಕ ಹೋಗುವಷ್ಟರಲ್ಲಿ ಉಪ್ಪಾರರು ಮಣ್ಣು ಕೆಲಸಕ್ಕೆ, ಗಾರೆ ಕೆಲಸಕ್ಕೆ ತಿರುಗಿಯಾಗಿತ್ತು.

ಕುರುಹು ಹುಡುಕುವವರಿಗೆ ಫೆಬ್ರವರಿಯಿಂದ ಏಪ್ರಿಲ್ ಒಳ್ಳೆಯ ಕಾಲ; ಮಳೆ ಬಿದ್ದರೆ ಬಿಳುಪು ಕರಗಿಹೋಗುತ್ತದೆ. ಸೋಸಿ ಚೆಲ್ಲಿದ ಮಣ್ಣಿನ ದಿಬ್ಬ, ಪಕ್ಕದಲ್ಲಿ ನೀರಿನ ಆಸರೆ, ಗಾರೆಯ ಚಕ್ಕೆ ಮೂರೂ ಒಟ್ಟಿಗೆ ಇದೆಯೇ ನೋಡಿ. ವಿಶ್ವೇಶ್ವರಯ್ಯ ನಾಲೆಯ ಬಯಲಿನ ಗದ್ದೆಯಲ್ಲಿ ಬರೀ ಬಿಳುಪು ಕಂಡರೆ ಅದು ಹಳೆಯ ಕಸುಬಿನ ಗುರುತಲ್ಲ, ನೀರು ಬಸಿಯದೆ ಎದ್ದ ಚೌಳು. ದಿಬ್ಬದ ಮಣ್ಣನ್ನು ಇಟ್ಟಿಗೆಗೆ ಒಯ್ಯಬೇಡಿ. ಉಪ್ಪಿನಂಶ ಉಳಿದಿದ್ದರೆ ಗೋಡೆಯ ಗಾರೆ ಉದುರುತ್ತದೆ, ಗುರುತೂ ಹೋಗುತ್ತದೆ.