ತೆರಿಗೆ ತಪ್ಪಿಸಲು ಹುಟ್ಟಿದ ಕಾರು: ಕಿಟ್ ಸ್ಪೋರ್ಟ್ಸ್ ಕಾರುಗಳನ್ನು ಕಾನೂನು ರೂಪಿಸಿದ ಬಗೆ

ಬ್ರಿಟನ್ನಿನಲ್ಲಿ ಮನೆಯ ಗ್ಯಾರೇಜಿನಲ್ಲಿ ಜೋಡಿಸಿದ ಸ್ಪೋರ್ಟ್ಸ್ ಕಾರೊಂದು ರಸ್ತೆಗಿಳಿಯಬೇಕಾದರೆ ಮೊದಲು ಸರ್ಕಾರಿ ತಪಾಸಣೆಯಲ್ಲಿ ಪಾಸಾಗಬೇಕು. ಬ್ರೇಕು, ದೀಪ, ಸ್ಟಿಯರಿಂಗ್, ಸೀಟ್‌ಬೆಲ್ಟ್ ಎಲ್ಲವನ್ನೂ ನೋಡುವ ತಪಾಸಕರು ಒಂದು ಗೋಲವನ್ನು ಹಿಡಿದು ಕಾರಿನ ಹೊರಮೈಯನ್ನೂ ಒಳಮೈಯನ್ನೂ ಸವರುತ್ತಾರೆ. ಆ ಗೋಲಕ್ಕೆ ತಾಗುವ ಯಾವ ಅಂಚೂ ಚೂಪಾಗಿರುವಂತಿಲ್ಲ. ಹೊರಮೈಯ ಅಂಚುಗಳು ಸಾಮಾನ್ಯವಾಗಿ 2.5 ಮಿಲಿಮೀಟರ್ ತ್ರಿಜ್ಯದಷ್ಟಾದರೂ ದುಂಡಗಿರಬೇಕು. ಹೀಗಾಗಿ ತಪಾಸಣೆಗೆ ಹೊರಟ ಕಾರುಗಳ ಮಡ್‌ಗಾರ್ಡಿನ ಅಂಚಿಗೆ ರಬ್ಬರ್ ಪಟ್ಟಿ ಕೂತಿರುತ್ತದೆ, ಸಸ್ಪೆನ್ಷನ್ನಿನ ಒಂದೊಂದು ನಟ್ಟಿಗೂ ಪ್ಲಾಸ್ಟಿಕ್ ಟೊಪ್ಪಿಗೆ ಇರುತ್ತದೆ. ಪಾಸಾದ ಮರುದಿನವೇ ಇವುಗಳಲ್ಲಿ ಅರ್ಧದಷ್ಟು ಕಿತ್ತುಹೋಗುತ್ತವೆ ಎಂಬುದು ಈ ಹವ್ಯಾಸದವರಲ್ಲಿ ಎಲ್ಲರಿಗೂ ಗೊತ್ತಿರುವ, ಯಾರೂ ಗಟ್ಟಿಯಾಗಿ ಹೇಳದ ಸಂಗತಿ. ಬಿಡಿಭಾಗಗಳ ಕಿಟ್ ಕೊಂಡು ಮಾಲೀಕರೇ ಹೀಗೆ ಜೋಡಿಸಿಕೊಳ್ಳುವ ಹಗುರ ಕಿಟ್ ಕಾರುಗಳ ಇತಿಹಾಸವನ್ನು ಹಿಂದಿನಿಂದ ನೋಡುತ್ತ ಬಂದರೆ, ಅವುಗಳ ರೂಪವನ್ನು ವಿನ್ಯಾಸಕಾರರು ತಿದ್ದಿದಷ್ಟೇ ಕಾನೂನುಗಳೂ ತಿದ್ದಿವೆ ಎನ್ನುವುದು ಸ್ಪಷ್ಟವಾಗುತ್ತದೆ.

ಎರಡನೇ ಮಹಾಯುದ್ಧ ಮುಗಿದಾಗ ಬ್ರಿಟನ್ನಿನ ಉತ್ಸಾಹಿ ಯುವಕರ ಕೈಗೆಟಕುವಂತಿದ್ದದ್ದು ಆಸ್ಟಿನ್ 7 ಎಂಬ ಪುಟ್ಟ ಕಾರು. 1922ರಿಂದ 1939ರವರೆಗೆ ತಯಾರಾದ ಈ ಕಾರುಗಳು ಹಳೆಯದಾಗಿ ಅಗ್ಗಕ್ಕೆ ಸಿಗುತ್ತಿದ್ದವು. ಮೈಕಟ್ಟನ್ನು ಕಳಚಿ ಎಸೆದು, ಚಾಸಿ ಎಂಬ ತಳದ ಚೌಕಟ್ಟು ಮತ್ತು ಇಂಜಿನ್ ಉಳಿಸಿಕೊಂಡು, ತಮಗೆ ಬೇಕಾದ ಹಗುರ ಮೈಯನ್ನು ಅದರ ಮೇಲೆ ಕೂರಿಸಿ ರೇಸಿಗಿಳಿಸುವುದು ಆಗಿನ ರೂಢಿ. 1939ರಲ್ಲಿ ಆರಂಭವಾಗಿದ್ದ 750 ಮೋಟರ್ ಕ್ಲಬ್ ಯುದ್ಧಾನಂತರ ಇಂಥವರಿಗಾಗಿಯೇ ಅಗ್ಗದ ರೇಸಿಂಗ್ ವರ್ಗವೊಂದನ್ನು ರೂಪಿಸಿತು. 1948ರಲ್ಲಿ ಆಸ್ಟಿನ್ 7 ಒಂದನ್ನು ಬಿಚ್ಚಿ ಮೊದಲ ಲೋಟಸ್ ಕಾರನ್ನು ಕಟ್ಟಿ, ಮುಂದೆ ಅದೇ ಹೆಸರಿನ ಕಂಪನಿ ಸ್ಥಾಪಿಸಿದ ಕಾಲಿನ್ ಚಾಪ್‌ಮನ್ ಈ ಗುಂಪಿನವರೇ. ಆಸ್ಟಿನ್ ಇಂಜಿನ್ನಿನಲ್ಲಿ ಎರಡೆರಡು ಸಿಲಿಂಡರುಗಳು ಗಾಳಿ ಮತ್ತು ಇಂಧನ ಒಳಬರುವ ಒಂದೇ ಇನ್‌ಲೆಟ್ ದ್ವಾರವನ್ನು ಹಂಚಿಕೊಳ್ಳುತ್ತಿದ್ದವು. ಚಾಪ್‌ಮನ್ ಆ ದ್ವಾರವನ್ನು ಒಳಗಿನಿಂದಲೇ ಇಬ್ಭಾಗ ಮಾಡಿ, 1951ರ ರೇಸುಗಳಲ್ಲಿ ಉಳಿದವರನ್ನು ಹಿಂದೆ ಹಾಕಿದರು. ಕ್ಲಬ್ಬು ಆ ಉಪಾಯವನ್ನೇ ನಿಷೇಧಿಸಿ ನಿಯಮ ತಿದ್ದಿತು. ನಿಯಮದಲ್ಲಿ ಬರೆಯದೆ ಬಿಟ್ಟ ಜಾಗವನ್ನು ಹುಡುಕುವ ಈ ಬುದ್ಧಿಯೇ ಮುಂದೆ ಅವರ ವ್ಯಾಪಾರಕ್ಕೂ ಬಂಡವಾಳವಾಯಿತು.

1940ರಲ್ಲಿ ಯುದ್ಧದ ಖರ್ಚಿಗೆಂದು ಬ್ರಿಟಿಷ್ ಸರ್ಕಾರ ಖರೀದಿ ತೆರಿಗೆಯನ್ನು ಹೇರಿತ್ತು. ಯುದ್ಧ ಮುಗಿದರೂ ತೆರಿಗೆ ಹೋಗಲಿಲ್ಲ. ಐವತ್ತರ ದಶಕದಲ್ಲಿ ಹೊಸ ಕಾರಿನ ಸಗಟು ಬೆಲೆಯ ಅರ್ಧಕ್ಕಿಂತಲೂ ಹೆಚ್ಚು ಮೊತ್ತ ತೆರಿಗೆಗೇ ಹೋಗುತ್ತಿದ್ದ ವರ್ಷಗಳಿವೆ. ಆದರೆ ಈ ತೆರಿಗೆ ಇದ್ದದ್ದು ಸಿದ್ಧ ಕಾರಿನ ಮೇಲೆ ಮಾತ್ರ. ಬಿಡಿಭಾಗಗಳನ್ನು ಕೊಂಡು ಮಾಲೀಕನೇ ಜೋಡಿಸಿಕೊಂಡರೆ ಅದಕ್ಕೆ ಈ ತೆರಿಗೆ ಅನ್ವಯಿಸುತ್ತಿರಲಿಲ್ಲ. 1952ರಲ್ಲಿ ಲೋಟಸ್ ಮಾರ್ಕ್ 6 ಮಾರುಕಟ್ಟೆಗೆ ಬಂದದ್ದು ಈ ಬಾಗಿಲಿನಿಂದಲೇ. ಸಣ್ಣ ಕೊಳವೆಗಳನ್ನು ಬೆಸೆದ ಚೌಕಟ್ಟು, ಅದರ ಮೇಲೆ ಅಲ್ಯುಮಿನಿಯಂ ತಗಡು. ಇಂಜಿನ್, ಗೇರ್‌ಬಾಕ್ಸ್, ಆಕ್ಸಲ್ಲುಗಳನ್ನು ಫೋರ್ಡಿನಂಥ ಸಾಧಾರಣ ಕಾರುಗಳಿಂದ ಗಿರಾಕಿಯೇ ಹೊಂದಿಸಿಕೊಳ್ಳಬೇಕು.

1957ರಲ್ಲಿ ಬಂದ ಲೋಟಸ್ ಸೆವೆನ್ ಅದೇ ಸೂತ್ರದ ಇನ್ನಷ್ಟು ಬೋಳು ರೂಪ. ಬಾಗಿಲಿಲ್ಲ, ಹೀಟರಿಲ್ಲ, ಸಾಮಾನಿಡಲು ಜಾಗವೆಂದರೆ ಸೀಟಿನ ಹಿಂದಿನ ಒಂದು ಗೂಡು. ತೂಕ 500 ಕಿಲೋಗ್ರಾಂ ಒಳಗೆ. 1958ರಲ್ಲಿ ದಿ ಮೋಟರ್ ಪತ್ರಿಕೆ 1172 ಸಿಸಿಯ ಫೋರ್ಡ್ ಇಂಜಿನ್ನಿದ್ದ ಸೆವೆನ್ ಒಂದನ್ನು ಪರೀಕ್ಷಿಸಿದಾಗ ಅದರ ಗರಿಷ್ಠ ವೇಗ ಗಂಟೆಗೆ ಸುಮಾರು 129 ಕಿಲೋಮೀಟರ್ ಇತ್ತು. ಇಂದಿನ ಸಾಧಾರಣ ಕುಟುಂಬದ ಕಾರೂ ಸುಲಭವಾಗಿ ಮೀರುವ ಅಂಕಿ ಇದು. ಆದರೆ ಆ ವರದಿಯಲ್ಲಿ ನಿಜಕ್ಕೂ ಗಮನಿಸಬೇಕಾದದ್ದು ಬೆಲೆಯ ಲೆಕ್ಕ. ಸಿದ್ಧ ಕಾರಿಗೆ 1,157 ಪೌಂಡ್, ಅದರಲ್ಲಿ 386 ಪೌಂಡ್ ತೆರಿಗೆ. ಅದೇ ಕಾರನ್ನು ಬಿಡಿಯಾಗಿ ಕೊಂಡರೆ ಲೋಟಸ್ಸಿನ ಭಾಗಗಳಿಗೆ 399, ಫೋರ್ಡ್ ಇಂಜಿನ್ ಮತ್ತು ಗೇರ್‌ಬಾಕ್ಸಿಗೆ 100, ಹಿಂದಿನ ಆಕ್ಸಲ್ಲಿಗೆ 27 ಪೌಂಡ್, ಒಟ್ಟು 526. ಅರ್ಧಕ್ಕಿಂತ ಕಡಿಮೆ ಬೆಲೆಗೆ ಕಾರು ಸಿಗುವುದಾದರೆ ಕೆಲವು ವಾರಾಂತ್ಯ ಕೈಗೆ ಗ್ರೀಸ್ ಮೆತ್ತಿಕೊಳ್ಳಲು ಯಾರಿಗೆ ಬೇಸರ? ಜೋಡಣೆಯ ಸೂಚನಾಪುಸ್ತಕ ಕೊಟ್ಟರೆ ತೆರಿಗೆ ಬೀಳುತ್ತದೆಂದು ಲೋಟಸ್ ಕಂಪನಿ ಕಾರನ್ನು ಬಿಚ್ಚುವ ಸೂಚನೆಗಳನ್ನು ಬರೆದುಕೊಟ್ಟಿತು, ಗಿರಾಕಿಗಳು ಅದನ್ನು ಕೊನೆಯಿಂದ ಮೊದಲಿಗೆ ಓದಿಕೊಂಡರು ಎಂಬ ಕಥೆಯನ್ನು ಸೆವೆನ್ ಪ್ರಿಯರು ಇಂದಿಗೂ ಸಂತೋಷದಿಂದ ಹೇಳುತ್ತಾರೆ.

ಇದೇ ಅನುಕೂಲದ ನೆರಳಿನಲ್ಲಿ ಜಿನೆಟ್ಟಾ, ಟಿವಿಆರ್, ಪ್ಲೈವುಡ್ ಚಾಸಿಯ ಮಾರ್ಕೋಸ್ ಮೊದಲಾದ ಹೆಸರುಗಳೂ ಬೆಳೆದವು. ಆದರೆ 1973ರ ಜನವರಿಯಲ್ಲಿ ಬ್ರಿಟನ್ ಯೂರೋಪಿಯನ್ ಆರ್ಥಿಕ ಸಮುದಾಯವನ್ನು ಸೇರಿತು, ಏಪ್ರಿಲ್ 1ರಂದು ಖರೀದಿ ತೆರಿಗೆ ಹೋಗಿ ಮೌಲ್ಯವರ್ಧಿತ ತೆರಿಗೆ ಬಂದಿತು. ಹೊಸ ತೆರಿಗೆ ಬಿಡಿಭಾಗಗಳನ್ನೂ ಬಿಡಲಿಲ್ಲ. ಕಿಟ್ ವ್ಯಾಪಾರದ ಮೂಲ ಕಾರಣವೇ ಒಂದು ದಿನಾಂಕಕ್ಕೆ ಇಲ್ಲವಾಯಿತು. ಅಷ್ಟರಲ್ಲಿ ದುಬಾರಿ ಕಾರುಗಳತ್ತ ಹೊರಳಿದ್ದ ಲೋಟಸ್, 1970ರಲ್ಲಿ ಫೈಬರ್‌ಗ್ಲಾಸ್ ಮೈಯಿನ ನಾಲ್ಕನೇ ಸರಣಿಯ ಸೆವೆನ್ ತಂದು ಹಳೆಯ ಅಭಿಮಾನಿಗಳನ್ನು ಸಾಕಷ್ಟು ನೋಯಿಸಿತ್ತು. ಸರ್ರೆಯ ಕೇಟರ್‌ಹ್ಯಾಮ್ ಪಟ್ಟಣದಲ್ಲಿ ಲೋಟಸ್ ಮಾರುತ್ತಿದ್ದ ಗ್ರಹಾಂ ನಿಯರ್ನ್ 1973ರಲ್ಲಿ ಸೆವೆನ್ನಿನ ಹಕ್ಕುಗಳನ್ನು ಕೊಂಡರು. ನಾಲ್ಕನೇ ಸರಣಿಯನ್ನು ಸ್ವಲ್ಪ ಕಾಲ ನಡೆಸಿ, 1974ರಲ್ಲಿ ಅಲ್ಯುಮಿನಿಯಂ ಮೈಯಿನ ಮೂರನೇ ಸರಣಿಗೇ ಮರಳಿದರು. ಕೇಟರ್‌ಹ್ಯಾಮ್ ಸೆವೆನ್ ಇಂದಿಗೂ ತಯಾರಾಗುತ್ತಿರುವುದು ಆ ಒಂದು ತೀರ್ಮಾನದಿಂದ.

ತೆರಿಗೆಯ ಲಾಭ ಹೋದ ಮೇಲೂ ಜನ ಕಿಟ್ ಕೊಳ್ಳುವುದನ್ನು ಬಿಡಲಿಲ್ಲವೇಕೆ? ನನ್ನ ಅಂದಾಜಿನಲ್ಲಿ, ಅಷ್ಟರೊಳಗೆ ಕಟ್ಟುವುದೇ ಕಾರಿನ ಭಾಗವಾಗಿಬಿಟ್ಟಿತ್ತು. ತಾನೇ ರಿವೆಟ್ ಹೊಡೆದ, ತಾನೇ ಬ್ರೇಕ್ ಪೈಪು ಬಾಗಿಸಿದ ಕಾರಿನಲ್ಲಿ ಮಾಲೀಕನಿಗೆ ಗೊತ್ತಿಲ್ಲದ ಮೂಲೆಯೇ ಇರುವುದಿಲ್ಲ. ಗೊತ್ತಿರುವುದನ್ನು ಬದಲಾಯಿಸಲು ಕೈ ಹಿಂಜರಿಯುವುದೂ ಇಲ್ಲ. ಇದರ ಜೊತೆಗೆ, ಎಪ್ಪತ್ತರ ದಶಕದ ಉತ್ತರಾರ್ಧದಲ್ಲಿ ಸಿದ್ಧ ಕಾರುಗಳಿಗೆ ಕಡ್ಡಾಯವಾದ ಮಾದರಿ ಅನುಮೋದನೆಯ (ಮಾರುವ ಮೊದಲು ಪ್ರತಿ ಮಾದರಿಗೂ ಸರ್ಕಾರದ ಒಪ್ಪಿಗೆ ಪಡೆಯುವ) ನಿಯಮಗಳಿಂದ ಸ್ವಂತಕ್ಕೆ ಜೋಡಿಸಿಕೊಂಡ ಕಾರುಗಳು ಹೊರಗುಳಿದವು. ಒಂದು ಬಾಗಿಲು ಮುಚ್ಚಿದಾಗ ಇನ್ನೊಂದು ತೆರೆದಿತ್ತು.

ಆ ಬಾಗಿಲಿನಿಂದ ಒಳ್ಳೆಯವೂ ಬಂದವು, ಕಳಪೆಯವೂ ಬಂದವು. ಎಂಬತ್ತರ ದಶಕದಲ್ಲಿ ಹಳೆಯ ಫೋರ್ಡ್ ಎಸ್ಕಾರ್ಟಿನ ಭಾಗಗಳ ಮೇಲೆ ಫೈಬರ್‌ಗ್ಲಾಸ್ ಮುಚ್ಚಿ ಮಾರುವ ಸಣ್ಣಪುಟ್ಟ ತಯಾರಕರು ಊರೂರಿಗೆ ಹುಟ್ಟಿಕೊಂಡರು. ಕಿಟ್ ಕಾರು ಎಂದರೆ ಮೂಗು ಮುರಿಯುವ ಅಭ್ಯಾಸ ಆ ಕಾಲದ್ದು. ಸೆವೆನ್ನಿನ ನಕಲುಗಳಿಗಂತೂ ಲೆಕ್ಕವಿರಲಿಲ್ಲ. ಕ್ರಿಸ್ ಸ್ಮಿತ್ ಸ್ಥಾಪಿಸಿದ ವೆಸ್ಟ್‌ಫೀಲ್ಡ್ ಕಂಪನಿಯ ಕಾರು ಮೂಲಕ್ಕೆ ತೀರ ಹತ್ತಿರವಾಗಿದೆಯೆಂದು ಕೇಟರ್‌ಹ್ಯಾಮ್ ಕಾನೂನಿನ ಮೊರೆಹೋಯಿತು. ವ್ಯಾಜ್ಯ ರಾಜಿಯಲ್ಲಿ ಮುಗಿಯಿತು, ವೆಸ್ಟ್‌ಫೀಲ್ಡ್ ತನ್ನ ಕಾರಿನ ಮೈಯನ್ನು ಫೈಬರ್‌ಗ್ಲಾಸಿನಲ್ಲಿ ಬೇರೆಯಾಗಿ ರೂಪಿಸಿತು. ಎರಡೂ ಕಾರುಗಳ ಮಾಲೀಕರು ಒಂದೆಡೆ ಸೇರಿದಾಗ ಅಲ್ಯುಮಿನಿಯಂ ಮೇಲೋ ಫೈಬರ್‌ಗ್ಲಾಸ್ ಮೇಲೋ ಎಂಬ ಮುಗಿಯದ ಚರ್ಚೆ ನಡೆಯುತ್ತದಲ್ಲ, ಅದರ ಬೇರು ಒಂದು ಬಗೆಯಲ್ಲಿ ವಕೀಲರ ಕಚೇರಿಯಲ್ಲಿದೆ. ಬ್ರಿಟನ್ನಿನ ಹೊರಗೂ ಇದೇ ಕಥೆ: ನೆದರ್‌ಲ್ಯಾಂಡ್ಸಿನಲ್ಲಿ ಯೋಪ್ ಡಾಂಕರ್‌ವೋರ್ಟ್ 1978ರಲ್ಲಿ ಶುರುಮಾಡಿದ ಕಂಪನಿ ಸೆವೆನ್ನಿನ ಕಲ್ಪನೆಯನ್ನು ಆ ದೇಶದ ನಿಯಮಗಳಿಗೆ ಹೊಂದುವಂತೆ ಬದಲಿಸುತ್ತ ಹೋಗಿ, ಕೊನೆಗೆ ತನ್ನದೇ ಆದ ಕಾರನ್ನು ಮಾಡಿತು. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚಿನಲ್ಲಿ ಸ್ಟೀಲ್ ಬ್ರದರ್ಸ್ ಪರವಾನಗಿ ಪಡೆದು, ಬ್ರಿಟನ್ ತ್ಯಜಿಸಿದ ನಾಲ್ಕನೇ ಸರಣಿಯನ್ನೇ ಎಪ್ಪತ್ತರ ದಶಕದ ಕೊನೆಯವರೆಗೂ ತಯಾರಿಸಿತು.

ಕಿಟ್ ಕೊಳ್ಳುವುದೂ ದುಬಾರಿಯಾದಾಗ ಮುಂದಿನ ತಿರುವು ಬಂದದ್ದು ಶಾಲೆಯೊಂದರಿಂದ. ಔಂಡಲ್ ಶಾಲೆಯಲ್ಲಿ ಪಾಠ ಮಾಡುತ್ತಿದ್ದ ರಾನ್ ಚಾಂಪಿಯನ್, ಸೆವೆನ್ ಮಾದರಿಯ ಕಾರಿನ ಚಾಸಿಯನ್ನು ಮನೆಯಲ್ಲೇ ಬೆಸೆದುಕೊಳ್ಳುವ ವಿಧಾನವನ್ನು 1996ರಲ್ಲಿ ಪುಸ್ತಕವಾಗಿ ತಂದರು. 250 ಪೌಂಡಿನಷ್ಟು ಕಡಿಮೆಗೆ ಕಾರು ಕಟ್ಟಬಹುದೆಂದು ಅದರ ಹೆಸರೇ ಸಾರುತ್ತಿತ್ತು. ಆ ಮೊತ್ತಕ್ಕೆ ಮುಗಿಸಿದವರು ವಿರಳವಿರಬೇಕು. ಒಂದು ಅಂಗುಲದ ಚೌಕ ಉಕ್ಕಿನ ಕೊಳವೆ, ಒಂದು ವೆಲ್ಡಿಂಗ್ ಯಂತ್ರ, ಗುಜರಿಗೆ ಹೋಗಬೇಕಿದ್ದ ಒಂದು ಹಿಂಚಕ್ರ ಚಾಲನೆಯ ಎಸ್ಕಾರ್ಟ್, ಇಷ್ಟಿದ್ದರೆ ಆರಂಭಿಸಬಹುದಿತ್ತು. ಲೋಕಾಸ್ಟ್ ಎಂದು ಹೆಸರಾದ ಈ ಕಾರುಗಳಿಗೆ ಅದೇ 750 ಮೋಟರ್ ಕ್ಲಬ್ ರೇಸಿಂಗ್ ಸರಣಿಯನ್ನೂ ನಡೆಸಿತು. ಲೋಕಾಸ್ಟಿನ ನಿಜವಾದ ಕೊಡುಗೆ ಎಂದರೆ, ಚಾಸಿಯ ಅಳತೆಗಳು ಎಲ್ಲರ ಕೈಗೂ ಸಿಕ್ಕವು. ಪುಸ್ತಕದ ಚೌಕಟ್ಟು ಸಣಕಲರಿಗಷ್ಟೇ ಹೊಂದುತ್ತದೆಂದು ಕೆಲವರು ಅದನ್ನು ಅಗಲಿಸಿದರು, ಇನ್ನು ಕೆಲವರು ತಿರುಚುವ ಬಲ ಹೆಚ್ಚು ಬೀಳುವ ಇಂಜಿನ್ ಕೋಣೆಗೆ ಅಡ್ಡಪಟ್ಟಿಗಳನ್ನು ಸೇರಿಸಿದರು, ಮತ್ತೆ ಕೆಲವರು ಎಸ್ಕಾರ್ಟಿನ ಗಟ್ಟಿ ಆಕ್ಸಲ್ ಬಿಟ್ಟು ಮಾಜ್ದಾ ಎಂಎಕ್ಸ್-5ರ ಸ್ವತಂತ್ರ ಸಸ್ಪೆನ್ಷನ್ ಕೂರಿಸಿದರು. ಒಬ್ಬರು ಕಂಡುಕೊಂಡದ್ದನ್ನು ನಕ್ಷೆ ಸಮೇತ ಮತ್ತೊಬ್ಬರು ಬಳಸಿದರು.

ಇವರ ಚರ್ಚೆಯಲ್ಲಿ ಇಂಜಿನ್ನಿಗೆ ದೊಡ್ಡ ಪಾಲಿದೆ. ಫೋರ್ಡ್ ಕ್ರಾಸ್‌ಫ್ಲೋ, ರೋವರ್ ಕೆ-ಸರಣಿ, ಫೋರ್ಡ್ ಡ್ಯುರಾಟೆಕ್ ಹೀಗೆ ತಲೆಮಾರುಗಳು ಸರಿದವು. ಸುಜುಕಿ ಹಯಾಬುಸಾ, ಯಮಾಹಾ ಆರ್1 ಬೈಕುಗಳ ಇಂಜಿನ್ ಕೂರಿಸಿದವರು ತೂಕ ಉಳಿಸಿದರು, ಆದರೆ ರಿವರ್ಸ್ ಗೇರಿಗೆ ಬೇರೆ ಉಪಾಯ ಹುಡುಕಬೇಕಾಯಿತು. ಬಿರುಸಾಗಿ ತಿರುಗುವಾಗ ಆಯಿಲ್, ಇಂಜಿನ್ನಿನ ತಳದಲ್ಲಿ ಅದು ತುಂಬಿರುವ ತೊಟ್ಟಿಯಾದ ಸಂಪಿನ ಒಂದು ಬದಿಗೆ ಸರಿದು ಪಂಪಿಗೆ ಗಾಳಿ ಸಿಕ್ಕಿದರೆ ಬೇರಿಂಗುಗಳು ಕ್ಷಣಾರ್ಧದಲ್ಲಿ ಹಾಳಾಗುವುದರಿಂದ, ಶಕ್ತಿ ಹೆಚ್ಚಿಸುವ ಮೊದಲು ಸಂಪಿನೊಳಗೆ ತಡೆಗಳನ್ನು ಹಾಕಿಸು ಎಂಬುದು ಹೊಸಬರಿಗೆ ಸಿಗುವ ಮೊದಲ ಬುದ್ಧಿಮಾತು. ಆದರೆ ಅನುಭವಿಗಳು ಹಣವಿಲ್ಲದೆ ಆಗುವ ಇನ್ನೊಂದು ಕೆಲಸವನ್ನು ಅದಕ್ಕಿಂತ ಮೇಲೆ ಇಡುತ್ತಾರೆ. ಸಮತಟ್ಟಾದ ನೆಲದಲ್ಲಿ ನಾಲ್ಕು ಚಕ್ರಗಳ ಕೆಳಗೆ ನಾಲ್ಕು ತೂಕದ ಯಂತ್ರಗಳನ್ನಿಟ್ಟು, ಚಾಲಕನನ್ನೋ ಅವನಷ್ಟೇ ತೂಕದ ಮರಳಿನ ಚೀಲಗಳನ್ನೋ ಸೀಟಿನಲ್ಲಿ ಕೂರಿಸಿ, ಸ್ಪ್ರಿಂಗುಗಳ ಕೆಳಗಿನ ತಟ್ಟೆಗಳನ್ನು ಸ್ವಲ್ಪಸ್ವಲ್ಪವೇ ತಿರುಗಿಸುತ್ತ, ಕರ್ಣದ ಎದುರುಬದುರು ಮೂಲೆಗಳ ಜೋಡಿಗಳು ತಲಾ ಅರ್ಧ ತೂಕ ಹೊರುವಂತೆ ಮಾಡುವುದು. ಒಂದು ಮೂಲೆಯ ತಟ್ಟೆ ಮೇಲೇರಿಸಿದರೆ ಆ ಮೂಲೆಯ ಜೊತೆಗೆ ಅದರ ಎದುರು ಮೂಲೆಯ ಭಾರವೂ ಹೆಚ್ಚುತ್ತದೆ, ಉಳಿದೆರಡರದು ಇಳಿಯುತ್ತದೆ. ಅಷ್ಟು ಹಗುರದ ಕಾರಿನಲ್ಲಿ ಚಾಲಕನ ತೂಕವೇ ಒಟ್ಟು ತೂಕದ ಏಳನೆಯ ಒಂದು ಭಾಗದಷ್ಟಾಗುವುದರಿಂದ, ಈ ಹೊಂದಾಣಿಕೆ ಇಲ್ಲದ ಕಾರು ಎಡಕ್ಕೊಂದು ರೀತಿ ಬಲಕ್ಕೊಂದು ರೀತಿ ತಿರುಗುತ್ತದೆ.

ಮನೆಯಲ್ಲಿ ಕಟ್ಟಿದ ಕಾರುಗಳಿಗೆ ಕಾನೂನು ಪೂರ್ಣವಾಗಿ ಕೈಹಾಕಿದ್ದು 1998ರ ಜುಲೈಯಲ್ಲಿ, ಒಂದೊಂದು ಕಾರನ್ನೂ ಪ್ರತ್ಯೇಕವಾಗಿ ಪರೀಕ್ಷಿಸುವ ಎಸ್‌ವಿಎ (ಸಿಂಗಲ್ ವೆಹಿಕಲ್ ಅಪ್ರೂವಲ್) ಬಂದಾಗ. 2009ರಲ್ಲಿ ಇನ್ನಷ್ಟು ಬಿಗಿಯಾದ ಐವಿಎ (ಇಂಡಿವಿಜುವಲ್ ವೆಹಿಕಲ್ ಅಪ್ರೂವಲ್) ಅದರ ಸ್ಥಾನಕ್ಕೆ ಬಂದಿತು. ಹವ್ಯಾಸ ಇದರಿಂದ ಸತ್ತೇ ಹೋಗುತ್ತದೆ ಎಂದು ಆಗ ಬಹಳ ಜನ ಹೇಳಿದರು. ಆದದ್ದು ಬೇರೆ: ಅಡ್ಡಾದಿಡ್ಡಿ ತಯಾರಕರು ಮರೆಯಾದರು, ತಪಾಸಣೆ ಪಾಸಾಗುವ ಕಿಟ್ ಕೊಡಬಲ್ಲವರು ಉಳಿದರು. ಬಿಲ್ಲುಗಳನ್ನೂ ಕಟ್ಟುವಾಗಿನ ಫೋಟೋಗಳನ್ನೂ ಕೂಡಿಟ್ಟು, ಕಾರನ್ನು ತಾನೇ ಸ್ವಂತ ಬಳಕೆಗೆ ಕಟ್ಟಿದ್ದೆಂದು ಮಾಲೀಕ ತೋರಿಸಬೇಕಾಯಿತು. ತೆರಿಗೆಯ ಕಾಲದಲ್ಲಿ ಹಣ ಉಳಿಸಲು ಬೇಕಾಗಿದ್ದ ಪುರಾವೆ ಈಗ ರಸ್ತೆಗಿಳಿಯಲು ಬೇಕಾಗಿದೆ.

ನೋಂದಣಿ ಇನ್ನೂ ಸೂಕ್ಷ್ಮದ ವಿಷಯ. ಎಲ್ಲವೂ ಹೊಸ ಭಾಗಗಳಾದರೆ ಆ ವರ್ಷದ ಹೊಸ ಕಾರಿನ ನಂಬರು. ಒಂದೇ ಹಳೆಯ ಕಾರಿನಿಂದ ಎರಡು ಮುಖ್ಯ ಭಾಗಗಳು ಬಂದಿದ್ದರೆ ಆ ಕಾರಿನ ವಯಸ್ಸಿಗೆ ತಕ್ಕ ನಂಬರು. ಭಾಗಗಳ ಹುಟ್ಟೇ ತಿಳಿಯದಿದ್ದರೆ ಕ್ಯು ಅಕ್ಷರದ ಫಲಕ. ಇರುವ ಕಾರನ್ನೇ ವಿಪರೀತ ಬದಲಿಸಿದವರಿಗೆ ದಶಕಗಳ ಕಾಲ ಅಂಕಗಳ ಪದ್ಧತಿಯಿತ್ತು: ಚಾಸಿಗೆ 5, ಸಸ್ಪೆನ್ಷನ್, ಆಕ್ಸಲ್, ಗೇರ್‌ಬಾಕ್ಸ್, ಸ್ಟಿಯರಿಂಗಿಗೆ ತಲಾ 2, ಇಂಜಿನ್ನಿಗೆ ಬರೀ 1, ಒಟ್ಟು 8 ಉಳಿದರೆ ಮಾತ್ರ ಹಳೆಯ ನಂಬರು. ಮಾಲೀಕರು ಗಂಟೆಗಟ್ಟಲೆ ಕೊಂಡಾಡುವ ಇಂಜಿನ್, ಕಾರಿನ ಗುರುತಿನ ಲೆಕ್ಕದಲ್ಲಿ ಎಲ್ಲಕ್ಕಿಂತ ಕಡಿಮೆ ಬೆಲೆಯದು. ಈ ಲೆಕ್ಕ ಗೊತ್ತಿದ್ದವರು ಇಂಜಿನ್ ಧಾರಾಳವಾಗಿ ಬದಲಿಸಿದರು, ಚಾಸಿಗೆ ಗರಗಸ ಹಾಕುವ ಮುನ್ನ ಎರಡು ಸಲ ಯೋಚಿಸಿದರು.

ಈಗಿನ ಚರ್ಚೆ ಬ್ಯಾಟರಿಯದು. 2023ರಲ್ಲಿ ಕೇಟರ್‌ಹ್ಯಾಮ್ ತೋರಿಸಿದ ಪ್ರಾಯೋಗಿಕ ವಿದ್ಯುತ್ ಸೆವೆನ್ 51 ಕಿಲೋವ್ಯಾಟ್-ಗಂಟೆಯ ಬ್ಯಾಟರಿ ಹೊತ್ತೂ 700 ಕಿಲೋಗ್ರಾಂ ಒಳಗಿತ್ತು. ಇಪ್ಪತ್ತು ನಿಮಿಷ ಟ್ರ್ಯಾಕಿನಲ್ಲಿ ಓಡಿ, ಹದಿನೈದು ನಿಮಿಷ ಚಾರ್ಜ್ ಆಗಿ, ಮತ್ತೆ ಇಪ್ಪತ್ತು ನಿಮಿಷ ಓಡಬೇಕೆಂಬುದು ಅದರ ಗುರಿ. ಗೇರಿನ ಹಿಡಿಯಿಲ್ಲದ ಸೆವೆನ್ ಸೆವೆನ್ನೇ ಅಲ್ಲ ಎನ್ನುವವರು ಒಂದು ಕಡೆ. ಇನ್ನೊಂದು ಕಡೆಯವರ ವಾದ ಭಾವನೆಗಿಂತ ಲೆಕ್ಕಾಚಾರದ್ದು: ಸುತ್ತ ಮನೆಗಳೆದ್ದಿರುವ ರೇಸ್ ಟ್ರ್ಯಾಕುಗಳಲ್ಲಿ ಶಬ್ದದ ಮಿತಿ ಬಿಗಿಯಾಗಿದೆ, ತೆರೆದ ಏರ್ ಫಿಲ್ಟರು ಮತ್ತು ಪಕ್ಕದ ಸೈಲೆನ್ಸರಿನ ಹಗುರ ಕಾರುಗಳೇ ಮೀಟರಿನೆದುರು ಮೊದಲು ಸೋತು ದಿನದ ಶುಲ್ಕ ಕಳೆದುಕೊಂಡು ಮನೆಗೆ ಮರಳುತ್ತವೆ, ಸದ್ದಿಲ್ಲದ ಕಾರಿಗೆ ಆ ತೊಂದರೆಯಾದರೂ ಇಲ್ಲ.